ಅಂಗಡಿಗೆ ಬರುತ್ತಿದ್ದವರು

ಹಸಿರು ಗಾಜಿನ ಬಳೆ ಶಿವಲೀಲಾಳ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ಪಕ್ಕದ ಮನೆಯ ಬಂಗಾರಮ್ಮ ಆ ತಣ್ಣನೆಯ ಕೈಯನ್ನು ಒತ್ತಿ, ತಿರುಗಿಸಿ ನೋಡಿದಳು. ಬಳೆ ಮುಂದೆ ಹೋಗಲಿಲ್ಲ.

"ಸಂಧ್ಯಾ, ಒಂಚೂರು ಸೋಪು ತಗಂಬಾರವ್ವ."

ಸಂಧ್ಯಾರಾಣಿ ಬಚ್ಚಲಿನಿಂದ ಸೋಪು ತಂದುಕೊಟ್ಟಳು. ಅವಳಿಗೆ ಹದಿನೇಳು ವರ್ಷ. ಅಮ್ಮನ ಕೈಯಲ್ಲಿ ಹಸಿರು ಬಳೆ ಕಂಡ ನೆನಪೇ ಅವಳಿಗಿರಲಿಲ್ಲ. ಚನ್ನಗಿರಿಯ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದ ಕೈ ಅದು. ಮಣಿಕಟ್ಟಿಗೆ ಒಂದು ವಾಚು, ಬೆರಳ ತುದಿಯಲ್ಲಿ ಜೆರಾಕ್ಸ್ ಮೆಷಿನ್ನಿನ ಕಪ್ಪು ಪುಡಿ, ಅಷ್ಟೇ. ನಿನ್ನೆ ಮಧ್ಯಾಹ್ನ ಯಾರದೋ ಪಹಣಿಯನ್ನು ಮೆಷಿನ್ನಿನ ಗಾಜಿನ ಮೇಲಿಟ್ಟವಳು ಹಾಗೇ ಅದರ ಮೇಲೆ ಬಾಗಿದಳು. ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ವಯಸ್ಸು ಎಷ್ಟು ಎಂದು ಕೇಳಿ, ನಲವತ್ತೆರಡು ಎಂದು ಬರೆದುಕೊಂಡರು.

"ಅಜ್ಜಿ, ಅಮ್ಮ ಬಳೆ ಹಾಕ್ತಿರ್ಲಿಲ್ಲ," ಎಂದಳು ಸಂಧ್ಯಾ.

"ಗಂಡ ಅನ್ನೋನು ಇನ್ನಾ ಬದುಕೈದಾನಲ್ಲೇ," ಎಂದರು ಅಜ್ಜಿ ಅನ್ನಪೂರ್ಣಮ್ಮ. ಗೋಡೆಗೆ ಒರಗಿಸಿ ಕೂರಿಸಿದ್ದ ಮಗಳ ತಲೆ ವಾಲದಂತೆ ಅವರು ಬೆಳಗಿನಿಂದ ಹಿಡಿದುಕೊಂಡೇ ಕೂತಿದ್ದರು. "ನನ್ ಮಗಳು ಮುತ್ತೈದೆ ಆಗೇ ಹೋಗ್ಲಿ."

"ಡೈವೋರ್ಸ್ ಆಗಿ ಆರು ವರ್ಷ ಆತು."

"ಕೋರ್ಟಿನ ಕಾಗದ ಮಣ್ಣಿಗೆ ಹೋಗೋಳ ಕೂಡೆ ಹೋಗ್ತೈತೇನು? ಸುಮ್ಕಿರು."

ಸೋಪಿನ ನೊರೆಯಲ್ಲಿ ಬಳೆ ಜಾರಿ ಮಣಿಕಟ್ಟಿಗೆ ಬಂತು. ಹೊರಗೆ ಶಾಮಿಯಾನದ ಕೆಳಗೆ ಸೋದರಮಾವ ಸತೀಶ್ ಕುಮಾರ್ ಸಂಧ್ಯಾಳ ಅಪ್ಪನಿಗೆ ಫೋನಿನಲ್ಲಿ ಕೂಗುತ್ತಿದ್ದ: "ಭಾವಾ, ನ್ಯಾಮತಿ ಬಿಟ್ರಾ? ಹೊನ್ನಾಳಿ ದಾಟಿದ್ರಾ? ನೀವು ಬರೋ ತನ್ಕ ಎತ್ತಂಗಿಲ್ಲ ಅಂದಾರೆ ಹಿರೇರು."

ಆಗ ವಿನಯ್ ಒಳಗೆ ಬಂದು ಅಕ್ಕನ ಕಿವಿಯ ಹತ್ತಿರ ಬಗ್ಗಿದ. ಒಂಬತ್ತನೇ ಕ್ಲಾಸಿನ ಹುಡುಗ. ನಿನ್ನೆಯಿಂದ ಒಂದೇ ಅಂಗಿಯಲ್ಲಿದ್ದ.

"ಅಕ್ಕಾ, ಸಿದ್ದೇಶ್ ಅಂಕಲ್ ಬಂದಾರೆ. ಕರೆಂಟ್ ಕಂಬದ ಹತ್ರ ನಿಂತಾರೆ. ಒಳಗ್ ಕರೀಲಾ?"

ಸಂಧ್ಯಾ ಕಿಟಕಿಯಿಂದ ನೋಡಿದಳು. ಬಿಳಿ ಅಂಗಿಯ, ಅರ್ಧ ನರೆತ ತಲೆಯ ಮನುಷ್ಯ ರಸ್ತೆಯಾಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದ.

"ಬ್ಯಾಡ," ಎಂದಳು.

*

ಸಿದ್ದೇಶ್ ಜಗಳೂರಿನವನು. ಜಮೀನು ಅಳೆಯುವ ಸರ್ವೆ ಕೆಲಸ. ಐದು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಚನ್ನಗಿರಿಗೆ ಬಂದಾಗಲೆಲ್ಲ ನಕ್ಷೆಗಳನ್ನು ಜೆರಾಕ್ಸ್ ಮಾಡಿಸಲು ಶಿವಲೀಲಾಳ ಅಂಗಡಿಗೆ ಬರುತ್ತಿದ್ದ. ಶಾಲೆ ಬಿಟ್ಟು ಅಲ್ಲಿಗೆ ಬರುವ ವಿನಯ್‌ಗೂ ಅವನ ಪರಿಚಯವಿತ್ತು. ದೊಡ್ಡ ನಕ್ಷೆ ಮೆಷಿನ್ನಿಗೆ ಹಿಡಿಯುತ್ತಿರಲಿಲ್ಲ. ಅವಳು ಅದನ್ನು ನಾಲ್ಕು ಭಾಗವಾಗಿ ತೆಗೆದು, ಗೆರೆಗೆ ಗೆರೆ ಕೂಡಿಸಿ ಗೋಂದು ಹಚ್ಚಿ ಕೊಡುವಳು.

"ಬ್ಯಾರೆ ಅಂಗಡೇಲಿ ಗೆರೆ ಕೂಡಂಗೇ ಇಲ್ಲ ನೋಡ್ರಿ," ಎಂದಿದ್ದ ಒಮ್ಮೆ. "ಇವ್ರ ಹೊಲ ಅವ್ರ ಹೊಲಕ್ಕೆ ಹೋಗಿರ್ತೈತೆ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಗಂಡಸೊಬ್ಬನ ಮಾತಿಗೆ ನಕ್ಕೆನಲ್ಲ ಎಂದು ಆಮೇಲೆ ಅವಳಿಗೇ ಹೊಳೆಯಿತು.

ಅವಳ ಗಂಡ ಬೆನಕಪ್ಪ ಮನೆ ಬಿಟ್ಟು ನ್ಯಾಮತಿಯಲ್ಲಿ ಬೇರೆ ಸಂಸಾರ ಹೂಡಿದಾಗ ಸಂಧ್ಯಾಳಿಗೆ ಆರು, ವಿನಯ್‌ಗೆ ಮೂರು. ಅಂದಿನಿಂದ ಅವಳ ದಿನಗಳೆಲ್ಲ ಫೀಸು, ಯೂನಿಫಾರ್ಮು, ಜ್ವರ, ಪರೀಕ್ಷೆಗಳಲ್ಲೇ ಕಳೆದಿದ್ದವು. ಸಿದ್ದೇಶ್ ಬರಲು ಶುರುವಾದ ಎರಡನೇ ವರ್ಷ, ಒಂದು ಭಾನುವಾರ, ಮಕ್ಕಳಿಗೆ ಅಂಗಡಿ ಕೆಲಸ ಇದೆ ಎಂದು ಹೇಳಿ ಅವನ ಜೊತೆ ಸೂಳೆಕೆರೆಗೆ ಹೋದಳು. ಏರಿಯ ಮೇಲೆ ಅವನು ಅವಳಿಗೆಂದು ಹಾಸಿದ ಟವೆಲ್ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದರು.

"ಸುಳ್ಳು ಹೇಳಿ ಬಂದೀನಿ," ಎಂದಳು. "ಮಗಳು ಸುಳ್ಳು ಹೇಳೋ ವಯಸ್ನಾಗೆ ನಾನು ಹೇಳ್ತಿದೀನಿ ನೋಡ್ರಿ."

"ಹೇಳ್ಬಿಡ್ರಿ ಅವ್ರಿಗೆ. ನಾನೇ ಬಂದು ಹೇಳ್ತೀನಿ ಬೇಕಾದ್ರೆ."

"ಸಂಧ್ಯಾಂದು ಪಿಯುಸಿ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

*

ಹನ್ನೊಂದು ಗಂಟೆಗೆ ಬೆನಕಪ್ಪ ಬಂದ. ಶಾಮಿಯಾನದ ಕೆಳಗಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಹೆಣದ ಮುಂದೆ ನಿಂತವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅನ್ನಪೂರ್ಣಮ್ಮ ಕುಂಕುಮದ ಬಟ್ಟಲು ಮುಂದೆ ಹಿಡಿದರು.

"ಹಚ್ರಿ. ನಿಮ್ ಕೈಯಿಂದ್ಲೇ ಹಚ್ಬೇಕು."

ಅವನು ಹಚ್ಚಿದ ಕುಂಕುಮ ಮೂಗಿನ ಮೇಲೂ ಉದುರಿತು. ಅದನ್ನು ಒರೆಸಲು ಹೋಗಿ, ಒರೆಸದೆ ಕೈ ಹಿಂದಕ್ಕೆ ತೆಗೆದುಕೊಂಡ. ಪಕ್ಕದಲ್ಲಿದ್ದ ವಿನಯ್‌ನ ಭುಜ ಮುಟ್ಟಿ, ಏನಾದರೂ ಕೇಳಬೇಕಲ್ಲ ಎಂಬಂತೆ ಕೇಳಿದ:

"ಕಾಲೇಜು ಸೇರಿದ್ಯೇನಪಾ?"

"ಒಂಬತ್ನೇ ಕ್ಲಾಸು," ಎಂದ ವಿನಯ್.

ಸಂಧ್ಯಾ ತಲೆ ತಗ್ಗಿಸಿದಳು. ಈ ಮನುಷ್ಯನ ಹತ್ತಿರ ಹೋಗುತ್ತೇನೆಂದೇ ಅವಳು ಅಮ್ಮನನ್ನು ಹೆದರಿಸಿದ್ದು.

*

ಮೂರು ತಿಂಗಳ ಹಿಂದೆ ಕಾಲೇಜಿನಲ್ಲಿ ಗೆಳತಿಯೊಬ್ಬಳು ಫೋನು ಮುಂದೆ ಹಿಡಿದಿದ್ದಳು. "ಇದು ನಿಮ್ಮಮ್ಮ ಅಲ್ವೇನೇ?" ಸೂಳೆಕೆರೆ ಏರಿ, ಬೈಕು, ಅಮ್ಮನ ಮುಡಿಯಲ್ಲಿ ಮಲ್ಲಿಗೆ. ಫೋಟೋ ಆಗಲೇ ಅರ್ಧ ಕ್ಲಾಸು ಸುತ್ತಿತ್ತು.

ಸಂಜೆ ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು. ಸಂಧ್ಯಾ ಬ್ಯಾಗು ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಈ ವಯಸ್ನಾಗೆ ನಾಚ್ಕೆ ಆಗಲ್ವಾ ನಿಂಗೆ? ನಾನು ನಾಳೆ ಕಾಲೇಜಿಗೆ ಹೆಂಗ್ ಹೋಗ್ಲಿ?"

ಶಿವಲೀಲಾ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಕೂತ್ಕ. ಎಲ್ಲಾ ಹೇಳ್ತೀನಿ."

"ಏನೂ ಹೇಳಬ್ಯಾಡ. ಅವ್ನು ಬೇಕಂದ್ರೆ ಇಟ್ಕ. ನಾನು ವಿನಯ್‌ನ ಕರ್ಕಂಡು ಅಪ್ಪನ ಹತ್ರ ಹೋಗ್ತೀನಿ."

ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಶಿವಲೀಲಾ ಒಲೆ ಆರಿಸಿದಳು. ಕೈ ತೊಳೆದು, ಸೆರಗಿಗೆ ಒರೆಸಿ, ಫೋನು ತೆಗೆದು ಮಗಳ ಎದುರಿಗೇ ಸ್ಪೀಕರ್ ಹಾಕಿದಳು.

"ಸಿದ್ದೇಶ್ ಅವ್ರೇ, ಇನ್ ಮ್ಯಾಲೆ ಅಂಗಡಿಗೆ ಬರಬ್ಯಾಡ್ರಿ. ಫೋನೂ ಮಾಡಬ್ಯಾಡ್ರಿ."

ಆ ಕಡೆಯಿಂದ ಅವನು ಕೇಳಿದ: "ಮಕ್ಕಳಿಗೆ ಗೊತ್ತಾತಾ?"

"ಹ್ಞೂಂ."

"ಆಯ್ತು. ಬುಧವಾರ ಒಂದು ಮಾತ್ರ..."

"ಬುಧವಾರಾನೂ ಬ್ಯಾಡ."

ಬುಧವಾರ ಎಂದರೆ ಇನ್ನೊಂದು ತಿರುಗಾಟ ಎಂದುಕೊಂಡಳು ಸಂಧ್ಯಾ. ಗೆದ್ದ ಹಾಗಾಯಿತು. ಅವತ್ತಿನಿಂದ ಅಮ್ಮ ಹೂವು ಮುಡಿಯಲಿಲ್ಲ. ಅಂಗಡಿಯಿಂದ ಬಂದವಳು ಬೆವರು ಒರೆಸಿಕೊಳ್ಳುತ್ತ ಹೊಸ್ತಿಲಲ್ಲೇ ಕೂತುಬಿಡುತ್ತಿದ್ದಳು. ಮುನಿಸು ಎಂದುಕೊಂಡು ಮಗಳೂ ಮಾತಾಡಿಸಲಿಲ್ಲ.

*

ರುದ್ರಭೂಮಿಯಲ್ಲಿ ಗುಣಿಯೊಳಗೆ ಶಿವಲೀಲಾಳನ್ನು ಕೂರಿಸಿ, ವಿಭೂತಿ, ಪತ್ರೆ ಹಾಕಿದರು. ಮೊದಲು ಬೆನಕಪ್ಪ, ಆಮೇಲೆ ಮಕ್ಕಳು, ನೆಂಟರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಎಲ್ಲರದೂ ಆದ ಮೇಲೆ, ದೂರದಲ್ಲಿದ್ದ ಸಿದ್ದೇಶ್ ಎರಡು ಹೆಜ್ಜೆ ಮುಂದೆ ಬಂದು ನಿಂತ.

"ಯಾರವ್ರು?" ಸತೀಶ್ ಕುಮಾರ್ ಕೇಳಿದ. "ನಮ್ ಕಡೇರಲ್ಲ. ಬೆಳಿಗ್ಗೆಯಿಂದ ಅಲ್ಲೇ ಐದಾರೆ. ನಿಂಗ್ ಗೊತ್ತೇನೇ ಸಂಧ್ಯಾ?"

ವಿನಯ್ ಅಕ್ಕನ ಮುಖ ನೋಡಿದ. ಸಿದ್ದೇಶನೂ ನೋಡಿದ. ಬೆನಕಪ್ಪ, ಅಜ್ಜಿ, ಓಣಿಯ ಜನ ಎಲ್ಲರೂ ನೋಡುತ್ತಿದ್ದರು.

"ಅಂಗಡಿಗೆ ಬರ್ತಿದ್ದೋರು," ಎಂದಳು. "ಜೆರಾಕ್ಸಿಗೆ."

"ಓಹೋ. ಹಾಕ್ರಿ ಸಾರ್, ಹಾಕ್ರಿ. ಬೇಗ ಆಗ್ಲಿ, ಬಿಸಿಲಾತು."

ಸಿದ್ದೇಶ್ ತಲೆಯಾಡಿಸಿದ. ಬಗ್ಗಿ ಮಣ್ಣು ತೆಗೆದುಕೊಂಡ. ಅದರಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಉಳಿದದ್ದನ್ನು ಮೆಲ್ಲಗೆ ಬಿಟ್ಟ.

ನಲ್ಲಿಯ ಹತ್ತಿರ ಜನ ಕೈಕಾಲು ತೊಳೆಯುತ್ತಿದ್ದರು. ಅವನು ಸಂಧ್ಯಾಳ ಪಕ್ಕ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ತಪ್ ತಿಳ್ಕಬ್ಯಾಡಮ್ಮ. ಆ ಬುಧವಾರ ನಿಮ್ಮಮ್ಮ ದಾವಣಗೆರೆಗೆ ಹೋಗಿದ್ರಾ? ಹಾರ್ಟ್ ಡಾಕ್ಟರ ಹತ್ರ ನಾನು ನಂಬರ್ ಹಚ್ಚಿಸಿದ್ದೆ. ಏರಿ ಹತ್ತೋವಾಗ ಏದುಸಿರು ಬರ್ತಿತ್ತು ಅವ್ರಿಗೆ. ಒಬ್ರೇ ಆದ್ರೂ ಹೋಗಿರ್ತಾರೆ ಅಂದ್ಕಂಡಿದ್ದೆ."

ಸಂಧ್ಯಾ ನಲ್ಲಿಯಿಂದ ಕೈ ಹಿಂದಕ್ಕೆ ತೆಗೆದಳು. ಅವಳ ಮುಖ ನೋಡುತ್ತಲೇ ಅವನಿಗೆ ಎಲ್ಲ ತಿಳಿಯಿತು.

"ಇರ್ಲಿ ಬಿಡಮ್ಮ," ಎಂದ ಆತುರದಲ್ಲಿ. "ಹೋಗಿದ್ರೂ ಇಷ್ಟೇ ಆಗ್ತಿತ್ತೇನೋ. ನೀನು ಮನಸಿಗೆ ಹಚ್ಕಬ್ಯಾಡ. ವಿನಯ್‌ನ ನೋಡ್ಕ." ತಿರುಗಿ ರಸ್ತೆಯ ಕಡೆ ನಡೆದ.

ಸಂಧ್ಯಾ ಜನರ ಜೊತೆ ಮನೆಯ ಬಾಗಿಲವರೆಗೂ ಬಂದಳು. ಒಳಗಿಂದ ಅಪ್ಪನನ್ನು ಊಟಕ್ಕೆ ಎಬ್ಬಿಸುವ ಮಾತು ಕೇಳಿತು. ಅವಳು ಒಳಗೆ ಹೋಗಲಿಲ್ಲ. "ಎಲ್ಲಿಗೇ?" ಎಂದು ಬಂಗಾರಮ್ಮ ಕೂಗುತ್ತಿದ್ದಂತೆ ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ನಾನೇ ತಪ್ಪಿಸಿದ್ದು. ನಂಗೆ ಗೊತ್ತಿರ್ಲಿಲ್ಲ. ನಾನೇ.

ಜಗಳೂರಿನವರು ಹತ್ತುವ ದಾವಣಗೆರೆ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಅವಳು ಮೆಟ್ಟಿಲು ಹತ್ತಿ, ನಿಂತವರ ತೋಳುಗಳ ಸಂದಿಯಿಂದ ನೋಡಿದಳು. ಮೂರನೇ ಸಾಲಿನಲ್ಲಿ, ದಾರಿ ಪಕ್ಕದ ಸೀಟಿನಲ್ಲಿ ಸಿದ್ದೇಶ್ ಕೂತಿದ್ದ. ಕಿಟಕಿ ಪಕ್ಕದ ಸೀಟಿನ ಮೇಲೆ ತನ್ನ ಟವೆಲ್ ಹಾಸಿದ್ದ.

"ಯಾರಾನ ಬರ್ತಾರೇನ್ರಿ ಇಲ್ಲಿ?" ಮಗು ಎತ್ತಿಕೊಂಡ ಹೆಂಗಸೊಬ್ಬಳು ಕೇಳಿದಳು.

ಅವನು ಟವೆಲ್ಲಿನ ಮಡಿಕೆ ಸರಿ ಮಾಡಿದ, ಜಾಗ ಬಿಡಲಿಲ್ಲ.

"ಏನಮ್ಮ, ಬರ್ತೀಯೋ ಇಲ್ಲೋ?" ಕಂಡಕ್ಟರ್ ಸಂಧ್ಯಾಳಿಗೆ ಕೂಗಿದ. "ಇಲ್ಲಾಂದ್ರೆ ಇಳಿ, ಟೈಮಾತು."

ಆ ಟವೆಲ್ ನೋಡುತ್ತಲೇ ಅವಳು ಇಳಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅವಳನ್ನು ದಾಟಿ ಹೋಗುವಾಗ ಕಿಟಕಿಗೊಂದೊಂದು ಮುಖವಿತ್ತು, ಮೂರನೇ ಕಿಟಕಿಯಲ್ಲಿ ಮಾತ್ರ ಯಾರೂ ಇರಲಿಲ್ಲ.