ಎರಡು ಗಂಟೆಗೊಂದು ರೈಟ್

ಕಂಡಕ್ಟರ್ ಮಾಮ ಎಂದರೆ ಬೀದಿಗೆಲ್ಲ ಮಾಮ. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ, ನಿವೃತ್ತಿಯಾದ ಮೇಲೂ ಅವರ ಗಂಟಲು ಹಾಗೇ ಉಳಿದಿತ್ತು. ಊಟಕ್ಕೆ ಕುಳಿತರೆ "ರೈಟ್", ಬಡಿಸಿದ್ದು ಸಾಕಾದರೆ "ಹೋಲ್ಡಾನ್". "ಇದು ಮನೆ ಕಣ್ರೀ, ಬಸ್ಸಲ್ಲ" ಎಂದು ಹೆಂಡತಿ ಬೈದರೂ ಕೇಳುವ ಆಸಾಮಿಯಲ್ಲ.

ಆ ಹೆಂಡತಿಯೇ ಇಸ್ತ್ರಿ ಅತ್ತೆ. ಮನೆಯ ಮುಂದಿನ ಕೋಣೆಯಲ್ಲಿ ನಿಂತು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದವರು. ಹೋದ ತಿಂಗಳು ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಮಾಮ ಅವರನ್ನು ಮೆತ್ತನೆಯ ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಕಟ್ಟಪ್ಪಣೆ ಹೊರಡಿಸಿದರು.

"ಯಾರೂ ಅವಳನ್ನ ಅಲುಗಾಡಿಸಬಾರದು. ಜೀವಮಾನವೆಲ್ಲಾ ನಿಂತೇ ದುಡಿದಿದಾಳೆ, ಈಗಾದ್ರೂ ಮಲಗಲಿ."

"ಮಗ್ಗುಲು ಬದಲಿಸಿ ಅಂತ ಆಸ್ಪತ್ರೇಲಿ ಹೇಳಿದಾರಪ್ಪ" ಎಂದಳು ಮಗಳು. ಮಾಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಟ್ಟಿದರೆ ಅತ್ತೆ ನರಳುತ್ತಿದ್ದರು, ಆ ನರಳಾಟ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಅತ್ತೆ ಎಡಗೈಯಿಂದ ಹಾಸಿಗೆಯ ಬಟ್ಟೆಯನ್ನು ಕೆರೆದು ಕೆರೆದು ಏನೋ ಹೇಳಲು ನೋಡುತ್ತಿದ್ದರು. ಮಾಮ ಪ್ರತಿ ಸಲವೂ ನೀರು ತಂದು ಹಿಡಿಯುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ, ಆರೋಗ್ಯ ಕೇಂದ್ರದಿಂದ ಮನೆಮನೆಗೆ ಬರುವ ನರ್ಸಮ್ಮ ಬಂದಳು. ಬಂದವಳೇ ಕೈ ತೊಳೆದುಕೊಂಡು, "ಮಾಮ, ಅತ್ತೆ ಬೆನ್ನು ನೋಡ್ಬೇಕು" ಎಂದಳು.

"ಬೆನ್ನಲ್ಲಿ ಏನಿದೆ ನೋಡೋಕೆ? ಹಾಯಾಗಿ ಮಲಗಿದಾಳೆ. ತಿರುಗಿಸಿದ್ರೆ ನೋಯುತ್ತೆ ಕಣಮ್ಮ."

"ನಿಮ್ಮ ಬಸ್ಸಲ್ಲೇ ಓಡಾಡಿ ಓದಿದವಳು ನಾನು. ಒಂದು ಮಾತು ಹೇಳಿ. ಎರಡು ಗಂಟೆ ದಾರೀಲಿ ಒಂಚೂರೂ ಮಿಸುಕಾಡದೆ ಕೂತವರನ್ನ ನೋಡಿದೀರಾ?"

"ಎಲ್ಲಿ ಬಂತು! ಅರ್ಧ ಗಂಟೆಗೇ ಆ ಕಡೆ ಈ ಕಡೆ ವಾಲ್ತಾರೆ. ಪಕ್ಕದವರ ಜೊತೆ ಜಗಳ ಶುರುವಾಗೋದೇ ಅದಕ್ಕೆ."

"ನಾವು ನಿದ್ದೇಲೂ ಹೊರಳ್ತೀವಿ. ಅತ್ತೆಗೆ ಆಗಲ್ಲ. ಎಂಟು ದಿನದಿಂದ ಒಂದೇ ಸೀಟಲ್ಲಿ ಕೂತಿದಾರೆ ಮಾಮ."

ಮಾಮ ಹಾಸಿಗೆಯ ಪಕ್ಕದಿಂದ ಸರಿದು ಜಾಗ ಬಿಟ್ಟರು. ನರ್ಸಮ್ಮ, ಮಗಳು ಸೇರಿ ಅತ್ತೆಯನ್ನು ಮೆಲ್ಲಗೆ ತಿರುಗಿಸಿದರು. ಸೊಂಟದ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ಅಂಗೈಯಗಲ ಕಪ್ಪುಗೆಂಪು ಕಲೆ.

"ಬೆರಳಲ್ಲಿ ಒತ್ತಿ ನೋಡಿ. ಒತ್ತಿದಾಗ ಬಣ್ಣ ಮಾಸಿ ಆಮೇಲೆ ವಾಪಸ್ ಬಂದ್ರೆ ಅಷ್ಟು ಭಯವಿಲ್ಲ. ಇದು ಹಾಗೇ ಇದೆ. ಸುತ್ತಲಿಗಿಂತ ಬಿಸಿಯಿದೆ, ಗಟ್ಟಿಯಾಗಿದೆ. ಹಾಸಿಗೆ ಹುಣ್ಣು ಶುರುವಾಗೋದು ಹೀಗೇ."

"ಶುರುವಾದ್ರೆ?"

"ಚರ್ಮ ಒಡೆದು ಹುಣ್ಣು ಮೂಳೆವರೆಗೂ ಇಳೀಬಹುದು. ನಂಜಾಗಬಹುದು. ಮತ್ತೆ ಆಸ್ಪತ್ರೆ. ಅತ್ತೆ ಎದ್ದು ಕೂರೋದು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತೆ."

ಮಾಮ ಧೊಪ್ಪನೆ ಕುರ್ಚಿಯಲ್ಲಿ ಕುಳಿತರು. "ನಾನೇ ಮಾಡಿದ್ನಲ್ಲಮ್ಮ ಇದನ್ನ" ಎಂದರು. ಮರುಕ್ಷಣವೇ ಎದ್ದು ಎಣ್ಣೆಯ ಸೀಸೆ ತಂದರು.

"ಉಜ್ಜಬೇಡಿ ಮಾಮ! ಆ ಜಾಗ ಉಜ್ಜಿದ್ರೆ ಒಳಗಿನ ಮಾಂಸ ಇನ್ನೂ ಕೆಡುತ್ತೆ. ಚರ್ಮ ಇನ್ನೂ ಒಡೆದಿಲ್ಲ. ಭಾರ ತಪ್ಪಿಸಿದ್ರೆ ವಾಸಿಯಾಗುತ್ತೆ. ಇಲ್ಲಿ ಬನ್ನಿ, ಕಲಿಸ್ತೀನಿ."

ಒಂದು ದುಪ್ಪಟಿಯನ್ನು ಮಡಿಸಿ ಅತ್ತೆಯ ಕೆಳಗೆ ಸೇರಿಸಿದಳು. "ಎಳೀಬಾರದು. ಇಬ್ಬರೂ ದುಪ್ಪಟಿ ಹಿಡಿದು ಎತ್ತಿ ಸರಿಸಬೇಕು. ಶಕ್ತಿಯಿಲ್ಲದ ಕೈಯನ್ನ ಹಿಡಿದು ಜಗ್ಗಲೇಬಾರದು, ಭುಜ ಜಾರುತ್ತೆ." ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಲೆ ಹೋಗೋವರೆಗೂ ಅಂಗಾತ ಬೇಡ. ಮೂತ್ರ, ಬೆವರಿಂದ ಮೈ ಒದ್ದೆಯಾದ ತಕ್ಷಣ ಒರೆಸಿ ಒಣಗಿಸಿ. ಬೇಳೆ, ಮೊಟ್ಟೆ, ಹಾಲು ಕೊಡಿ. ಒರಗಿಸಿ ಕೂರಿಸಿಯೇ ತಿನ್ನಿಸಿ."

ಹೊತ್ತಿಗೆ ಸರಿಯಾಗಿ ಹೊರಡುವುದನ್ನು ಮಾಮನಿಗೆ ಯಾರೂ ಕಲಿಸಬೇಕಿರಲಿಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ, ಆರಕ್ಕೆ ಎಡ, ಎಂಟಕ್ಕೆ ಬಲ ಎಂದು ಬರೆದರು. ರಾತ್ರಿಗೆ ಅಲಾರಂ ಇಟ್ಟು ಅಪ್ಪ, ಮಗಳು ಇಬ್ಬರೂ ಏಳುತ್ತಿದ್ದರು. ದುಪ್ಪಟಿ ಹಿಡಿದು ಮಾಮ "ರೈಟ್!" ಎನ್ನುತ್ತಿದ್ದರು.

"ಎಡಕ್ಕೆ ತಿರುಗಿಸೋದಕ್ಕೂ ರೈಟ್ ಅಂತೀರಲ್ಲಪ್ಪ!"

"ರೈಟ್ ಅಂದ್ರೆ ಹೊರಡು ಅಂತ ಕಣೇ!"

ಅತ್ತೆಯ ತುಟಿಯ ಎಡತುದಿ ನಗುವಿಗೆ ಸರಿಯುತ್ತಿತ್ತು.

ನರ್ಸಮ್ಮ ಬಂದುಹೋದ ಹತ್ತನೆಯ ದಿನಕ್ಕೆ ಕಲೆ ಮುಕ್ಕಾಲು ಮಾಸಿತ್ತು. ಮಾಮ ಒತ್ತಿ ನೋಡಿದರು. ಬಣ್ಣ ಹೋಗಿ, ಮತ್ತೆ ಬಂತು. ಆ ಖುಷಿಯಲ್ಲಿ ಅವಸರವಾಗಿ ದುಪ್ಪಟಿ ಹಿಡಿದು "ರೈಟ್!" ಎಂದರು.

"ಹೋ... ಹೋಲ್ಡಾನ್."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಹೇಳಿರಲಿಲ್ಲ. ಹೇಳಿದ್ದು ಅತ್ತೆ. ಎಡಗೈ ಹಾಸಿಗೆಯ ಬಟ್ಟೆಯನ್ನು ಕೆರೆಯುತ್ತಿತ್ತು. ಅಲ್ಲೊಂದು ಸುಕ್ಕು, ಬೆನ್ನು ಬರುವ ಜಾಗಕ್ಕೆ ಸರಿಯಾಗಿ.

ಇಷ್ಟು ದಿನ ಅತ್ತೆ ಕೇಳಿದ್ದು ನೀರನ್ನಲ್ಲ ಎಂದು ಮಾಮನಿಗೆ ಆಗ ಹೊಳೆಯಿತು. ಊರವರ ಸುಕ್ಕೆಲ್ಲ ತೆಗೆದವಳ ಬೆನ್ನಿನ ಕೆಳಗೆ ಸುಕ್ಕು ಬಿಟ್ಟಿದ್ದರು. ಅಳುತ್ತಲೇ ಅಂಗೈಯಿಂದ ಬಟ್ಟೆಯನ್ನು ಬಿಗಿಯಾಗಿ ಸವರಿ ಸರಿಮಾಡಿದರು. "ಈಗ ಸರಿಯೇನೇ?"

"ರೈಟ್" ಎಂದರು ಅತ್ತೆ.

ನಿಮ್ಮ ಮನೆಯಲ್ಲೂ ತಾನಾಗಿ ಹೊರಳಲಾಗದ ಜೀವವೊಂದು ಮಲಗಿದೆಯೇ? ಹಾಗಿದ್ದರೆ ಈ ಹಾಳೆ ಕೆಳಗಿಟ್ಟು, ಕೈ ತೊಳೆದು, ಈಗಲೇ ಅವರ ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಒತ್ತಿದರೂ ಮಾಸದ ಕಲೆ ಕಂಡರೆ, ಚರ್ಮ ಒಡೆದಿದ್ದರೆ, ಇವತ್ತೇ ನರ್ಸಮ್ಮನಿಗೋ ವೈದ್ಯರಿಗೋ ತೋರಿಸಿ. ಹಾಸಿಗೆಯ ಸುಕ್ಕು ತೆಗೆಯಿರಿ, ಮಗ್ಗುಲು ಬದಲಿಸಿ, ಗಡಿಯಾರ ನೋಡಿಕೊಳ್ಳಿ. ಎರಡು ಗಂಟೆಯ ನಂತರ ಮತ್ತೆ ಹೊರಡಬೇಕು. ರೈಟ್?