ಸೀಟು ಹಿಡಿದ ಚೀಲದ ಹಿಂದೆ

ಮನಸ್ಸಿನ ಕಾಯಿಲೆಯ ಕಥೆಯನ್ನು ನಗುತ್ತಾ ಹೇಳಬಹುದೇ ಎಂಬ ಅಳುಕು ಇದ್ದೇ ಇದೆ. ತಪ್ಪಾದರೆ ಓದುವವರು ಕ್ಷಮಿಸಬೇಕು. ಆದರೆ ಅವತ್ತು ರಾಮಗಿರಿಯ ಉಷಾರಾಣಿ ನಕ್ಕಿದ್ದು ನಿಜ. ಅದನ್ನು ಬಿಟ್ಟು ಹೇಳಿದರೆ ಅದೂ ತಪ್ಪೇ.

ಉಷಾರಾಣಿ ರವಿಕೆ ಹೊಲಿಯುವವಳು. ಕೆಲವು ತಿಂಗಳಿಂದ ಮಿಷನ್ನಿನ ಮುಂದೆ ಕೂತರೆ ಕೈ ಏಳುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಹೊಳಲ್ಕೆರೆಯಲ್ಲಿ ಯಾವುದೋ ಟ್ರಸ್ಟಿನವರು ತಿಂಗಳಿಗೊಮ್ಮೆ ಮನೋವೈದ್ಯರನ್ನು ಕರೆಸುತ್ತಾರೆಂದು ಕೇಳಿ ಬಂದಿದ್ದಳು. ಇವತ್ತು ಆಗದಿದ್ದರೆ ಇನ್ನು ಯಾರ ಹತ್ತಿರವೂ ಹೋಗುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿಯೂ ಬಿಟ್ಟಿದ್ದಳು. ಬಾಗಿಲಲ್ಲಿದ್ದವನು, "ಡಾಕ್ಟ್ರು ಬರಾಕಿಲ್ಲಂತೆ. ಮುಂದಿನ್ ತಿಂಗ್ಳು ಬರ್ರಿ" ಎಂದ.

ಮನೆ ಕಡೆ ತಿರುಗಿದವಳ ಕೈಯನ್ನು ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸು ಹಿಡಿದುಕೊಂಡಳು. ಹೆಸರು ಶಾಂತಕ್ಕ, ಅದೇ ಡಾಕ್ಟರಿಗಾಗಿ ಬಂದವಳು, ಬಾಯಿಗೆ ಬಿಡುವಿಲ್ಲದವಳು.

"ಎಲ್ಲಿಗ್ ಹೊಂಟೆ? ದುರ್ಗದಾಗೆ ದೊಡ್ಡಾಸ್ಪತ್ರೆ ಐತೆ. ನಡಿ, ಹೋಗಾಣ."

"ನಂಗ್ಯಾಕೋ ಬ್ಯಾಡಕ್ಕ."

"ನಂಗೂ ಬ್ಯಾಡ. ಇಬ್ರೂ ಬ್ಯಾಡ ಅಂತಾನೇ ಹೋಗಾಣ."

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುತ್ತಲೇ ಜನ ಮುಗಿಬಿದ್ದರು. ಶಾಂತಕ್ಕ ಬೋರ್ಡು ನೋಡುವ ಗೋಜಿಗೆ ಹೋಗದೆ, ಎಲ್ಲರೂ ಮಾಡುವಂತೆ ಕಿಟಕಿಯಿಂದ ತನ್ನ ಚೀಲವನ್ನು ಸೀಟಿನ ಮೇಲೆ ಎಸೆದು ಜಾಗ ಹಿಡಿದಳು. ಸುತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು.

"ಅಯ್ಯೋ, ನನ್ ಮಾತ್ರೆ! ನನ್ ಬುತ್ತಿ!"

ಒಂದು ಕೊಡ ನೀರು ಎತ್ತಲಾರದೆ ಸುಸ್ತಾಗುತ್ತಿದ್ದ ಉಷಾರಾಣಿ ನೆರಿಗೆ ಎತ್ತಿ ಹಿಡಿದು ಓಡಿದಳು. "ಹೋಲ್ಡಾನ್! ಹೋಲ್ಡಾನ್!" ಹಣ್ಣಿನ ಗಾಡಿಯವನೂ ಕೂಗಿದ, ಆಟೋದವರೂ ಕೂಗಿದರು. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಬಸ್ಸು ನಿಂತಿತು.

ಒಳಗೆ ಗಿರಿಜಾ ಮೀಸೆಯ ಹಿರಿಯರೊಬ್ಬರು ಚೀಲವನ್ನು ಕೂಸಿನಂತೆ ತಬ್ಬಿಕೊಂಡಿದ್ದರು. "ಬರ್ರಿ, ಕುಂತ್ಕಳ್ರಿ. ಈ ಸೀಟು ಕಾಯಾಕೆ ಬಸ್ಸಿನೋರ್ ತಾವೆಲ್ಲ ಬೈಸ್ಕಂಡಿದೀನಿ."

ಕಂಡಕ್ಟರ್ ಕಲ್ಲೇಶ್ ಆಧಾರ್ ಕಾರ್ಡು ನೋಡಿ, "ಎಲ್ಲಿಗ್ರಿ?" ಎಂದ.

"ಚಿತ್ರದುರ್ಗಕ್ಕೆ."

"ಅದು ಹಿಂದಕ್ಕಾಯ್ತು! ಇದು ಹೊಸದುರ್ಗಕ್ಕೆ ಹೋಗಾದು. ಇಳೀರಿ."

"ಇಷ್ಟ್ ಕಷ್ಟಪಟ್ ಹಿಡ್ದಿರೋ ಸೀಟು ಬಿಡಾದಾ? ಹೊಸದುರ್ಗಕ್ಕೇ ಎರಡು ಹರಿಯಪ್ಪ!" ಎಂದಳು ಶಾಂತಕ್ಕ.

ಉಷಾರಾಣಿಗೆ ನಗು ಬಂತು. ಸೆರಗು ಬಾಯಿಗಿಟ್ಟಷ್ಟೂ ಉಕ್ಕಿತು. ಮೀಸೆಯವರೂ ನಕ್ಕರು, ಕಲ್ಲೇಶನೂ ನಕ್ಕ. ನಗುನಗುತ್ತಲೇ ಅವಳಿಗೆ ಅಳು ಬಂತು, ಅಳುವಿನ ಜೊತೆ ಯಾರಿಗೂ ಹೇಳದಿದ್ದ ಮಾತು ಬಂತು.

"ಬೆಳಗಾಗಾದೇ ಬ್ಯಾಡ ಅನ್ನಿಸ್ತೈತೆ ಅಕ್ಕ. ಸತ್ತೋದ್ರೆ ಸಾಕು ಅನ್ನಿಸ್ತೈತೆ."

ಶಾಂತಕ್ಕ ಅವಳ ಕೈ ಹಿಡಿದಳು. "ನಂಗೂ ಹಂಗೇ ಅನ್ನಿಸ್ತಿತ್ತು. ಡಾಕ್ಟ್ರ ತಾವ ಇದೇ ಮಾತು ಹೇಳ್ಬೇಕು. ಅಲ್ಲೀಗಂಟ ಈ ಕೈ ಬಿಡಾಕಿಲ್ಲ."

"ಉಚ್ಚೆಗ್ ಹೋಗ್ಬೇಕಾದ್ರೆ?"

"ಕರ್ಕಂಡ್ ಹೋಗ್ತೀನಿ ಕಣೇ!"

ಹೊಸದುರ್ಗದಲ್ಲಿ ರೊಟ್ಟಿ ಚಟ್ನಿ ಹಂಚಿಕೊಂಡು ದುರ್ಗದ ಬಸ್ಸು ಹತ್ತಿದರು. ಅದು ಹೊಳಲ್ಕೆರೆಯ ಅದೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಾಗ ಹಣ್ಣಿನ ಗಾಡಿಯವನು ಕಣ್ಣರಳಿಸಿ, "ಏನ್ರವ್ವ, ಇನ್ನೂ ಇಲ್ಲೇ ಅದೀರಾ?" ಎಂದ. ಇಬ್ಬರೂ ಮತ್ತೆ ಬಿದ್ದು ಬಿದ್ದು ನಕ್ಕರು.

ದುರ್ಗದ ಡಾಕ್ಟರು ಕೆಲಸ ಮುಗಿಸಿ ಕುರ್ಚಿಯಿಂದ ಏಳುವ ಹೊತ್ತಿಗೆ ಇಬ್ಬರೂ ಒಳಗೆ ನುಗ್ಗಿದರು. ಉಷಾರಾಣಿ ಆ ಮಾತನ್ನು ಇನ್ನೊಮ್ಮೆ, ನೆಲ ನೋಡುತ್ತಾ, ಪೂರ್ತಿ ಹೇಳಿದಳು. ಡಾಕ್ಟರು ಮತ್ತೆ ಕೂತು ಕೇಳಿದರು, ಮಾತ್ರೆ ಬರೆದುಕೊಟ್ಟರು, ಒಬ್ಬಳೇ ಇರಬೇಡ ಎಂದರು. ಅವತ್ತು ಅವಳು ಉಳಿದದ್ದು ಶಾಂತಕ್ಕನ ಮನೆಯಲ್ಲಿ.

ಈಗ ಇಬ್ಬರೂ ಜೊತೆಗೇ ದುರ್ಗಕ್ಕೆ ಹೋಗಿಬರುತ್ತಾರೆ. ಉಷಾರಾಣಿ ಒಂದಷ್ಟು ರವಿಕೆ ಹೊಲಿಯುತ್ತಾಳೆ, ಕೆಲವು ದಿನ ಏಳುವುದೇ ಇಲ್ಲ. ಅವಳು ಪೂರ್ತಿ ಗುಣವಾಗುತ್ತಾಳೋ ಇಲ್ಲವೋ, ಗೊತ್ತಿಲ್ಲ.