ಮಾಸ್ತರರ ಗಾಡಿಯ ಸಪ್ಪಳ

ಅಹಮದಸಾಬನ ಕೈಯಿಂದ ಹೊರಬಿದ್ದ ಗಾಡಿ ಬೇಡದ ಸಪ್ಪಳ ಮಾಡುವುದಿಲ್ಲ ಎಂಬುದು ಹಳೇ ಹುಬ್ಬಳ್ಳಿಗೆಲ್ಲ ಗೊತ್ತಿದ್ದ ಮಾತು. ಎಂಜಿನ್ನು ಗುಡುಗಲಿ, ಅದು ಅದರ ಹಕ್ಕು. ಆದರೆ ಎಲ್ಲೋ ಒಂದು ನಟ್ಟು ಸಡಿಲಾಗಿ ಗಿಲಗಿಲ ಅನ್ನುವುದು, ಮಡ್‌ಗಾರ್ಡು ನಡುಗುವುದು, ಇವು ಅವನಿಗೆ ತನ್ನ ಮೈಮೇಲೆ ಎದ್ದ ಕಜ್ಜಿಯಷ್ಟು ನಾಚಿಕೆಯ ಸಂಗತಿ. ನಲವತ್ತೆರಡು ವರ್ಷ ಒಂದೇ ಶೆಡ್ಡಿನಲ್ಲಿ ಪಾನಾ ಹಿಡಿದು ಕೂತವನು. ಹೊಸ ಗಾಡಿಗಳು ಕಂಪ್ಯೂಟರು ಬೇಡತೊಡಗಿದ ಮೇಲೆ ಗಿರಾಕಿಗಳು ಕಡಿಮೆಯಾದರು, ಸೊಕ್ಕು ಮಾತ್ರ ಕಡಿಮೆಯಾಗಲಿಲ್ಲ.

ಅಂಥವನ ಶೆಡ್ಡಿನ ಮುಂದೆ ಜನವರಿಯ ಒಂದು ಮುಂಜಾನೆ ಟೆಂಪೋದಿಂದ ಒಂದು ಹಳೇ ರಾಜದೂತ್ ಮೋಟಾರುಸೈಕಲ್ಲು ಇಳಿಸಿದರು. ಟೈರು ಸೀಳಿದ್ದವು, ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು, ಟ್ಯಾಂಕು ಅಲುಗಿಸಿದರೆ ಒಳಗೆ ತುಕ್ಕಿನ ಹಕ್ಕಳೆ ಸದ್ದು ಮಾಡುತ್ತಿತ್ತು. ಜೊತೆಗೆ ಬಂದವಳು ಸಂಘಮಿತ್ರಾ, ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಅವಳು ತನ್ನ ಗುರುತು ಹೇಳುವ ಮೊದಲೇ ಅಹಮದಸಾಬ ಗಾಡಿಯ ಗುರುತು ಹಿಡಿದಿದ್ದ. ಚೈನ್ ಕವರಿನ ಮೇಲೆ ಅಂಗೈಯಷ್ಟು ಅಗಲದ ತಗ್ಗು. ಆ ತಗ್ಗನ್ನು ನೋಡಿ ಅವನು ಇಪ್ಪತ್ತು ವರ್ಷ ಹಲ್ಲು ಕಡಿದಿದ್ದ.

ಗಾಡಿ ಅವಳ ಅಪ್ಪ ಅರ್ಜುನಪ್ಪ ಮಾಸ್ತರರದು. ಮೊದಲು ಇದೇ ಓಣಿಯಲ್ಲಿ ಬಾಡಿಗೆಗಿದ್ದವರು, ಆಮೇಲೆ ಧಾರವಾಡದಲ್ಲಿ ಮನೆ ಕಟ್ಟಿಕೊಂಡರು. ಊರು ಬದಲಾದರೂ ಮೆಕ್ಯಾನಿಕ್ಕನನ್ನು ಬದಲಿಸಲಿಲ್ಲ. ಇಪ್ಪತ್ತು ಕಿಲೋಮೀಟರು ಗಾಡಿ ಹೊಡೆದುಕೊಂಡು ಬಂದು, ಶೆಡ್ಡಿನ ಬೆಂಚಿನ ಮೇಲೆ ಪೇಪರು ಓದುತ್ತ ಕೂರುವರು. ಅಹಮದಸಾಬ ಏನು ಹೇಳಿದರೂ ಹ್ಞೂಂ ಅನ್ನುವರು. ಒಂದೇ ಒಂದು ವಿಷಯದಲ್ಲಿ ಮಾತ್ರ ಜಗ್ಗದ ಮನುಷ್ಯ. ಎಂದೋ ಕಲ್ಲಿಗೆ ಬಡಿದು ಕವರು ಒಳಗೆ ತಗ್ಗಾಗಿತ್ತು. ತಿರುವಿನಲ್ಲಿ ಎಕ್ಸಿಲೇಟರು ಬಿಟ್ಟರೆ ಸಾಕು, ಸವೆದು ಜೋಲು ಬಿದ್ದ ಚೈನು ಆ ತಗ್ಗಿಗೆ ತಾಗಿ ಟಣ್ ಟಣ್ ಟಣ್ ಅನ್ನುತ್ತಿತ್ತು. ಸರಿ ಮಾಡುವುದು ಹತ್ತು ನಿಮಿಷದ ಕೆಲಸ. ಮಾಸ್ತರರು ಮುಟ್ಟಗೊಡುತ್ತಿರಲಿಲ್ಲ.

"ಅದೊಂದು ಇರಲಿ ಬಿಡ್ರಿ, ಸಾಬ್ರ" ಅನ್ನುವರು.

ಒಮ್ಮೆ ಅವರು ಚಹಾ ಕುಡಿಯಲು ಹೋದಾಗ ಅಹಮದಸಾಬ ಕದ್ದು ಚೈನು ಬಿಗಿದುಬಿಟ್ಟ. ಮರುದಿನವೇ ಮಾಸ್ತರರು ತಿರುಗಿ ಬಂದರು. ಎಂದೂ ದನಿ ಏರಿಸದವರ ಮುಖ ಅವತ್ತು ಕೆಂಪಾಗಿತ್ತು. ನಿನ್ನೆ ತಮ್ಮ ಮನೆಯ ಗೇಟಿನ ಮುಂದೆ ತಾವೇ ಹಾರ್ನು ಹೊಡೆಯುತ್ತ ನಿಲ್ಲಬೇಕಾಯಿತು ಎಂದು ಗದರಿ, ಮೊದಲಿದ್ದಂತೆ ಸಡಿಲು ಮಾಡಿಸಿಕೊಂಡೇ ಹೋದರು. ಹಾರ್ನಿಗೂ ಚೈನಿಗೂ ಎಲ್ಲಿಯ ನಂಟು ಎಂದು ಅಹಮದಸಾಬನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಸಾಲಿ ಮಾಸ್ತರರಿಗೆ ಒಂದೊಂದು ಹುಚ್ಚು ಇದ್ದೇ ಇರುತ್ತದೆ ಎಂದು ಸುಮ್ಮನಾದ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೆಂಚಿನ ಮೇಲೆ ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು ಸಂಘಮಿತ್ರಾ ಉಳಿದದ್ದನ್ನು ಹೇಳಿದಳು. ಮೊಣಕಾಲು ಕೈಕೊಟ್ಟದ್ದರಿಂದ ಅಪ್ಪ ಗಾಡಿ ಬಿಟ್ಟು ಎಂಟು ವರ್ಷವಾಗಿತ್ತು. ಹೋದ ವರ್ಷ ಆಸ್ಪತ್ರೆಗೆ ಸೇರಿದ ಎರಡೇ ದಿನದಲ್ಲಿ ತೀರಿಕೊಂಡರು. ಅವ್ವ ಉಡಚವ್ವನ ಕಣ್ಣು ಮೊದಲಿನಿಂದಲೂ ಮಂದ, ಈಗ ಹನ್ನೆರಡು ವರ್ಷದಿಂದ ಪೂರ್ತಿ ಕತ್ತಲೆ. ಅಪ್ಪ ಹೋದ ದಿನ ಅವ್ವ ಅಳಲಿಲ್ಲ. ಮರುದಿನ ಗೇಟಿನ ಒಳಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂತವಳು ಇವತ್ತಿಗೂ ಅಲ್ಲೇ ಕೂತಿದ್ದಾಳೆ; ಊಟಕ್ಕೂ ಎಬ್ಬಿಸಿ ತರಬೇಕು. ಗಾಡಿ ಓಡಿಸುವಷ್ಟು ದಿನ ಪ್ರತಿ ವರ್ಷ ಅಂಬೇಡ್ಕರ್ ಜಯಂತಿಗೆ ಅಪ್ಪ ಹ್ಯಾಂಡಲ್ಲಿಗೆ ನೀಲಿ ಬಾವುಟ ಕಟ್ಟಿ, ಬಿಳಿ ಸೀರೆಯುಟ್ಟ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಈ ಸಲ ಕರೆದರೆ, ಬಂದರೆ ಅವರ ಗಾಡಿಯಲ್ಲೇ ಬರುತ್ತೇನೆ, ಇಲ್ಲದಿದ್ದರೆ ಈ ಗೇಟು ದಾಟುವುದಿಲ್ಲ ಎಂದಿದ್ದಾಳೆ.

"ಹ್ಯಾಂಗಿತ್ತೋ ಹಂಗ ಮಾಡಿಕೊಡ್ರಿ, ಕಾಕಾ" ಎಂದಳು ಸಂಘಮಿತ್ರಾ. "ಅವ್ವಗ ಈಗ ಹಿಂದ ಹತ್ತಿ ಕೂಡ್ರಾಕ ಆಗೂದಿಲ್ಲ. ಬಾಜೂಕ ಒಂದು ಸೈಡ್‌ಕಾರ್ ಅಷ್ಟ ಕೂಡಿಸ್ರಿ."

"ಚಿಂತಿ ಬಿಡು, ಬೇಟಾ. ಇದ್ದದ್ದಕ್ಕಿಂತ ಛಲೋ ಮಾಡಿಕೊಡ್ತೇನಿ" ಎಂದ ಅಹಮದಸಾಬ.

ಹೇಳಿದಂತೆಯೇ ಮಾಡಿದ. ಎರಡೂವರೆ ತಿಂಗಳು ಬೇರೆ ಕೆಲಸಕ್ಕೆ ಕೈಹಚ್ಚಲಿಲ್ಲ. ಎಂಜಿನ್ನು ಬಿಚ್ಚಿ ಒಂದೊಂದು ತುಣುಕನ್ನೂ ಪೆಟ್ರೋಲಿನಲ್ಲಿ ತೊಳೆದ. ಸಿಗದ ಭಾಗಗಳನ್ನು ತಾರಿಹಾಳದ ಲೇತಿನ ಶೆಡ್ಡಿನಲ್ಲಿ ನಿಂತು ಕಡೆಸಿ ತಂದ. ಸೈಡ್‌ಕಾರಿನ ಸೀಟನ್ನು ಮುದುಕಿಯ ಮೊಣಕಾಲಿಗೆ ತಕ್ಕಂತೆ ತಗ್ಗಿನಲ್ಲಿ ಕೂರಿಸಿ, ಕಣ್ಣಿಲ್ಲದವರು ತಡಕಿದರೆ ಸಿಗುವ ಕಡೆ ಹಿಡಿಕೆ ಬೆಸೆದು, ನೀಲಿ ಬಣ್ಣ ಹೊಡೆದ. ಚೈನು ಹೊಸದು, ಕವರು ಹೊಸದು, ಕವರಿನೊಳಗೆ ಸಪ್ಪಳ ನುಂಗಲು ರಬ್ಬರು. ಹಳೇ ಚೈನನ್ನು ಗುಜರಿಗೆ ಹಾಕಿದ. ಹಳೇ ಕವರನ್ನು ಮಾತ್ರ ಹಾಗೆ ಬಿಡಲು ಮನಸ್ಸಾಗಲಿಲ್ಲ. ಕತ್ತರಿಸಿ, ತಗ್ಗು ಹೋಗುವ ತನಕ ಬಡಿದು ಸಪಾಟು ಮಾಡಿ, ಸೈಡ್‌ಕಾರಿಗೆ ಕಾಲಿಡುವ ಮೆಟ್ಟಿಲಾಗಿ ರಿವೆಟ್ ಹೊಡೆದ. ಬಡಿಯುವಾಗ ಇಪ್ಪತ್ತು ವರ್ಷದ ಹಗೆ ತೀರಿದಷ್ಟು ಖುಷಿ. ಈಗ ಕೇಳ್ರಿ ಮಾಸ್ತರ, ಎಂದು ಖಾಲಿ ಬೆಂಚಿಗೆ ಹೇಳಿದ. ಪ್ರೀತಿಯಿಂದಲೇ ಹೇಳಿದ.

ಏಪ್ರಿಲ್ ಮೊದಲ ವಾರ ಗಾಡಿಯನ್ನು ತಾನೇ ಓಡಿಸಿಕೊಂಡು ಧಾರವಾಡಕ್ಕೆ ಹೋದ. ಮಾಸ್ತರರ ಓಣಿಯ ತಿರುವಿನಲ್ಲಿ ಎಕ್ಸಿಲೇಟರು ಬಿಟ್ಟಾಗ ಕಾಲಿನ ಹತ್ತಿರ ಒಂದು ಚೂರೂ ಸದ್ದಿಲ್ಲ. ಹೆಮ್ಮೆಯಿಂದ ಬಂದು ಗೇಟಿನ ಮುಂದೆ ನಿಂತ. ಗೇಟಿನ ಸರಳುಗಳಾಚೆ, ಐದೇ ಹೆಜ್ಜೆ ದೂರದಲ್ಲಿ, ಉಡಚವ್ವ ಕುರ್ಚಿಯ ಮೇಲೆ ಕೂತಿದ್ದಳು. ಅಲುಗಲಿಲ್ಲ. ಅಹಮದಸಾಬ ಸ್ವಲ್ಪ ಕಾದು ಹಾರ್ನು ಹೊಡೆದ. ಯಾರು ಬೇಕಾಗಿತ್ತು ಎಂದು ಅವಳು ಪರವೂರಿನವರನ್ನು ಕೇಳುವಂತೆ ಕೇಳಿದಳು.

ಸಂಘಮಿತ್ರಾ ಓಡಿ ಬಂದು ಗೇಟು ತೆಗೆದಳು. ಅಪ್ಪನ ಗಾಡಿ ಬಂದಿದೆ ಎಂದು ಅವ್ವನ ಕೈ ಹಿಡಿದು ತಂದಳು. ಉಡಚವ್ವ ಟ್ಯಾಂಕು ಮುಟ್ಟಿದಳು, ಹ್ಯಾಂಡಲ್ಲು ಮುಟ್ಟಿದಳು, ಸೀಟಿನ ಮೇಲೆ ಬಹಳ ಹೊತ್ತು ಕೈಯಾಡಿಸಿದಳು.

"ಛಲೋ ಮಾಡೀರಿ, ಅಣ್ಣಾ" ಎಂದಳು. "ಆದ್ರ ಇದು ಅವರ ಗಾಡಿ ಅಲ್ರಿ. ಅವರದು ಆ ತಿರುವಿನ್ಯಾಗ ಮೂರು ಸಲ ಟಣ್ ಅಂತಿತ್ತು. ಮೊದಲನೇದಕ್ಕ ನಾ ಏಳಾಕಿ, ಮೂರನೇದಕ್ಕ ಗೇಟ್ ತೆಗಿಯಾಕಿ. ಅವರು ಈ ಗೇಟಿನ ಮುಂದ ಒಂದು ದಿನಾ ಇಳದವರಲ್ಲ."

ಇಷ್ಟು ಹೇಳಿ ತಡಕುತ್ತ ಹೋಗಿ ಮತ್ತೆ ಕುರ್ಚಿಯ ಮೇಲೆ ಕೂತಳು.

ಹಾರ್ನಿಗೂ ಚೈನಿಗೂ ಇದ್ದ ನಂಟು ಅಹಮದಸಾಬನಿಗೆ ಆಗ ತಿಳಿಯಿತು. ಗಂಡ ಬಂದದ್ದು ಹೆಂಡತಿಗೆ ಕಾಣುತ್ತಿದ್ದದ್ದು ಅದೊಂದೇ ದಾರಿಯಲ್ಲಿ, ಅದನ್ನು ತಾನು ಸುತ್ತಿಗೆಯಿಂದ ಬಡಿದು ಮುಗಿಸಿದ್ದೆ ಎಂದು ಅವನಿಗೆ ನಾಚಿಕೆಯಾಯಿತು. ಸಂಘಮಿತ್ರಾಳ ಮುಖ ನೋಡಲಾಗಲಿಲ್ಲ. ಜಯಂತಿಗೆ ಇನ್ನೂ ಎಂಟು ದಿನ ಇದೆ ಎಂದಷ್ಟೇ ಹೇಳಿ ಗಾಡಿ ತಿರುಗಿಸಿದ.

ನಲವತ್ತೆರಡು ವರ್ಷ ಗಾಡಿಗಳಿಂದ ಸಪ್ಪಳ ತೆಗೆದವನು ಈಗ ಸಪ್ಪಳ ಹಾಕಲು ಕೂತ. ರಬ್ಬರು ಕಿತ್ತ. ಚೈನು ಸಡಿಲಿಸಿದ. ತಾನೇ ಮಾಡಿದ ಹೊಸ ಕವರಿಗೆ ಸುತ್ತಿಗೆ ಎತ್ತಿ ತಗ್ಗು ಹಾಕಿದ. ಅದು ಟಣ್ ಅನ್ನಲಿಲ್ಲ, ಡಬ್ ಡಬ್ ಅಂದಿತು. ಧಾರವಾಡಕ್ಕೆ ಹೋದರೆ ಉಡಚವ್ವ ಕೂತಲ್ಲಿಂದಲೇ ತಲೆ ಅಲ್ಲಾಡಿಸಿದಳು. ಹೇಗಿತ್ತು ಎಂದು ಕೇಳಿದ್ದಕ್ಕೆ ಒಳಗಿಂದ ಸ್ಟೀಲಿನ ಲೋಟ ತರಿಸಿ ಉಗುರಿನಿಂದ ಹೊಡೆದು ತೋರಿಸಿದಳು. ಇಂಥದೇ, ಆದರೆ ಸ್ವಲ್ಪ ಮುದುಕಾದ ದನಿ ಎಂದಳು. ಗುಜರಿಯವನ ಹತ್ತಿರ ಓಡಿದರೆ ಹಳೇ ಚೈನು ಆಗಲೇ ಭಟ್ಟಿಗೆ ಹೋಗಿತ್ತು. ಬೇರೊಂದು ಸವೆದ ಚೈನು ಹಾಕಿಕೊಂಡು ಮತ್ತೊಮ್ಮೆ ಧಾರವಾಡಕ್ಕೆ ಹೋದಾಗಲೂ ಅವಳು ಏಳಲಿಲ್ಲ. ತಲೆ ಅಲ್ಲಾಡಿಸಿ, ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿದು ಹೋಗಿ ಎಂದಳು.

ಕೊನೆಗೆ ಸೈಡ್‌ಕಾರಿನ ಮೆಟ್ಟಿಲಿನ ರಿವೆಟ್ ಕಡಿದು ಹಳೇ ತಗಡನ್ನು ಬಿಡಿಸಿಕೊಂಡ. ಅದು ಈಗ ಅರ್ಧವೇ ಉಳಿದಿತ್ತು. ಮತ್ತೆ ಬಾಗಿಸಿ, ನೆನಪಿನಿಂದಲೇ ತಗ್ಗು ಹಾಕಿ, ಹೊಸ ಕವರಿನೊಳಗೆ ಕೂರಿಸಿದ. ಹದಿಮೂರನೇ ತಾರೀಖು ಮಧ್ಯಾಹ್ನ ತಾರಿಹಾಳದ ರಸ್ತೆಯಲ್ಲಿ ಎಕ್ಸಿಲೇಟರು ಬಿಟ್ಟಾಗ ಕವರಿನೊಳಗಿಂದ ಟಣ್ ಟಣ್ ಟಣ್ ಎಂದು ಬಂತು. ಅದೇ ದನಿ ಎಂದು ಅವನಿಗೆ ಅನಿಸಿತು. ಅದೇ ಆಗಲಪ್ಪಾ ಎಂದು ಗಾಡಿ ನಿಲ್ಲಿಸಿ ದುವಾ ಮಾಡಿದ.

ಜಯಂತಿಯ ಮುಂಜಾನೆ ಹ್ಯಾಂಡಲ್ಲಿಗೆ ನೀಲಿ ಬಾವುಟ ಕಟ್ಟಿಕೊಂಡು ಧಾರವಾಡದ ಆ ತಿರುವಿಗೆ ಬಂದ. ಎಕ್ಸಿಲೇಟರು ಬಿಟ್ಟ. ಮೂರು ಸಲ ಸ್ಪಷ್ಟವಾಗಿ ಸಪ್ಪಳವಾಯಿತು. ಅವನ ಕಣ್ಣು ಗೇಟಿನ ಮೇಲೆಯೇ ಇತ್ತು. ಬಿಳಿ ಸೀರೆ ಉಟ್ಟ ಉಡಚವ್ವ ಕುರ್ಚಿಯ ಮೇಲಿದ್ದಳು. ಮೊದಲ ಟಣ್ಣಿಗೆ ಅವಳ ಕುತ್ತಿಗೆ ಚೂರು ಮೇಲೆದ್ದಿತು. ಎರಡನೆಯದಕ್ಕೆ ಮತ್ತೆ ತಗ್ಗಿತು. ಮೂರನೆಯದು ಮುಗಿದಾಗಲೂ ಕೈಗಳು ಮಡಿಲಲ್ಲೇ ಇದ್ದವು.

ಅಹಮದಸಾಬ ಮುಚ್ಚಿದ ಗೇಟಿನ ಮುಂದೆ ಬಂದು ಎಂಜಿನ್ನು ಆರಿಸಿದ. ಹಾರ್ನು ಹೊಡೆಯಲು ಕೈ ಬರಲಿಲ್ಲ. ಕಣ್ಣಲ್ಲಿ ನೀರು ಬಂದು ಮೂಗು ಸೆಳೆದ. ಆ ಸದ್ದು ಅವಳಿಗೆ ಕೇಳಿಸಿರಬೇಕು. ಮೆಲ್ಲಗೆ ಎದ್ದು, ಗೋಡೆ ತಡಕುತ್ತ ಗೇಟಿನ ತನಕ ಬಂದು ಸರಳು ಹಿಡಿದು ನಿಂತಳು.

"ಇದ ನೋಡ್ರಿ, ಅಣ್ಣಾ. ಇದ ಸಪ್ಪಳ" ಎಂದಳು. "ನಮ್ಮವರ ಗಾಡೀನ ಬಂತು."

ಒಳಗಿಂದ ಬಂದ ಸಂಘಮಿತ್ರಾ ಆ ಮಾತು ಕೇಳಿ ಸಂತೋಷಕ್ಕೆ ಅತ್ತಳು, ಕಾಕಾನ ಎರಡೂ ಕೈ ಹಿಡಿದುಕೊಂಡಳು. ಮೂರು ಟಣ್ಣಿಗೂ ಅವಳು ಏಳದೆ ಕೂತದ್ದನ್ನು ಅಹಮದಸಾಬ ಕಂಡಿದ್ದ. ಮಾಸ್ತರರು ಒಂದು ದಿನವೂ ಇಳಿಯದ ಗೇಟಿನ ಮುಂದೆ ಇಳಿದು, ಸರಳಿನೊಳಗೆ ಕೈಹಾಕಿ ತಾನೇ ಚಿಲಕ ತೆಗೆದ.

ಸೈಡ್‌ಕಾರು ಹತ್ತಲು ಉಡಚವ್ವನ ಕಾಲು ಮೆಟ್ಟಿಲು ಹುಡುಕಿತು. ಅದನ್ನು ಕಿತ್ತದ್ದು ಅವನಿಗೆ ಆಗ ನೆನಪಾಯಿತು. ಕೆಳಗೆ ಕೂತು ತನ್ನ ಅಂಗೈಗಳನ್ನೇ ಒಡ್ಡಿದ. ಹಿರಿಯರು ನೀವು, ಬೇಡ ಎಂದು ಅವಳು ಹಿಂಜರಿದಳು. ಅವನು ಬಿಡಲಿಲ್ಲ. ಕೂತ ಮೇಲೆ ಅವಳು ಹಿಡಿಕೆಯನ್ನು ತಡಕಿ ಹಿಡಿದುಕೊಂಡಳು. ಸಂಘಮಿತ್ರಾ ಗೇಟು ಮುಚ್ಚಲು ಹೋದಳು.

"ತೆರದ ಇರಲಿ ಬಿಡವ್ವ" ಎಂದಳು ಉಡಚವ್ವ. "ಸಪ್ಪಳಾ ಕೇಳಿ ತೆಗಿಯೂದು ಇನ್ನ ಯಾರಿಗೈತಿ."

ಹೇಳುತ್ತ ಹೇಳುತ್ತಲೇ ಅವಳ ದನಿ ಒಡೆಯಿತು. ಒಂದು ವರ್ಷ ಮೂರು ತಿಂಗಳ ಮೇಲೆ ಮೊದಲ ಸಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅವಳು ಅತ್ತಳು. ಸಂಘಮಿತ್ರಾ ಓಡಿ ಬಂದು ಅವ್ವನ ಹೆಗಲು ಹಿಡಿದಳು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಆ ಹೆಗಲಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಅಹಮದಸಾಬ ಕಿಕ್ ಹೊಡೆದು ಗಾಡಿ ಹೊರಡಿಸಿದ. ತಿರುವು ಬಂದಾಗ ಅವನು ಎಕ್ಸಿಲೇಟರು ಬಿಡಲಿಲ್ಲ.